ಮುಖಪುಟವಿಲ್ಲದ ಚಂದ್ರಿ

ಶಿಕಾರಿಪುರದ ಬಸ್ ನಿಲ್ದಾಣದಲ್ಲಿ ಸೊರಬದ ಬಸ್ಸು ನಿಲ್ಲುವ ಜಾಗದ ಎದುರಿಗೆ ಈಗ ಮೊಬೈಲ್ ಕವರ್ ಮಾರುವ ಅಂಗಡಿಯಿದೆ. ಮೊನ್ನೆ ಅಲ್ಲಿ ಸುಮ್ಮನೆ ನಿಂತಿದ್ದೆ. ಅಂಗಡಿಯವನು ಏನು ಬೇಕು ಸಾರ್ ಅಂದ. ಏನೂ ಬೇಡ ಅಂದೆ. ತಗಡಿನ ಸೂರಿಗೆ ಬಿಗಿದ ತಂತಿ ಮಾತ್ರ ಹಳೆಯದೇ. ಅದರಲ್ಲಿ ಮೊದಲು ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿ ಚಿತ್ರಕಥೆಯ ಪುಸ್ತಕ ತೂಗುಹಾಕಿರುತ್ತಿದ್ದರು. ಈಗ ಫೋನಿಗೆ ತೊಡಿಸುವ ಅಂಗಿಗಳು ತೂಗುತ್ತಿವೆ. ತಂತಿ ಕಟ್ಟಿದವರು ಅಂಗಡಿ ಬಿಟ್ಟದ್ದು ಹೋದ ವರ್ಷ, ಲೋಕ ಬಿಟ್ಟದ್ದು ಈ ತಿಂಗಳು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೂ ಯಾರಿಗೂ ಗೊತ್ತಾಗುವುದಿಲ್ಲ. ಊರಿಗೆಲ್ಲ ಅವರು ‘ಪುಸ್ತಕದ ಸಾಹೇಬ್ರು’. ನನಗೂ ಸಾಹೇಬ್ರು. ನಾನು ಅವರಿಗೆ ‘ಏಜೆಂಟ್ರು’. ಶಿವಮೊಗ್ಗದ ಒಂದು ಪತ್ರಿಕೆ ಹಂಚುವ ಏಜೆನ್ಸಿಯಲ್ಲಿ ನನ್ನ ಅರ್ಧ ಆಯುಷ್ಯ ಸವೆಯಿತು. ಹೊಸ ಸಂಚಿಕೆಯ ಕಟ್ಟುಗಳನ್ನು ತಾಲ್ಲೂಕುಗಳಿಗೆ ಮುಟ್ಟಿಸುವುದು, ಮಾರದೆ ಉಳಿದದ್ದರ ಲೆಕ್ಕ ತರುವುದು, ಅಂಗಡಿಯವರ ಬೈಗುಳ ತಿಂದು ಯಜಮಾನರಿಗೆ ನಯವಾಗಿ ಹೇಳುವುದು. ಬೈಯದೆ ಇದ್ದ ಅಂಗಡಿಯವರು ಸಾಹೇಬ್ರು ಒಬ್ಬರೇ. ಅವರು ಬೈಯುತ್ತಿದ್ದದ್ದು ಪುಸ್ತಕದೊಳಗಿನ ಪಾತ್ರಗಳನ್ನು.

ಪುಸ್ತಕದ ಮೇಲಿನ ಅವರ ಪ್ರೀತಿಯನ್ನು ನಾನು ಬಹಳ ಸಲ ಗೇಲಿ ಮಾಡಿದ್ದೇನೆ. ಆ ಪ್ರೀತಿಯೇ ಒಂದು ಪುಸ್ತಕವನ್ನು ಮುಗಿಸಿಬಿಟ್ಟಿತು. ಅದನ್ನು ನೆನೆದರೆ ಈಗ ಗೇಲಿ ಬರುವುದಿಲ್ಲ.

ಅವರದು ರಟ್ಟು ಕಟ್ಟುವವರ ಮನೆತನ. ಅವರ ತಂದೆ ತಾಲ್ಲೂಕು ಕಚೇರಿಯ ಪಹಣಿ, ಖಾತೆ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುತ್ತಿದ್ದರಂತೆ. ಕಚೇರಿಗೆ ಕಂಪ್ಯೂಟರ್ ಬಂದ ಮೇಲೆ ಆ ಕೆಲಸ ಹೋಯಿತು, ಮಗ ಬಸ್ ನಿಲ್ದಾಣದಲ್ಲಿ ಪುಸ್ತಕದ ಅಂಗಡಿ ಹಾಕಿದರು. ಆದರೆ ಕೈ ಕೇಳಬೇಕಲ್ಲ. ಕೂತಲ್ಲಿ ಮೈದಾ ಅಂಟಿನ ಡಬ್ಬಿ, ದಬ್ಬಣ, ಮೇಣ ತೀಡಿದ ದಾರ ಪಕ್ಕದಲ್ಲೇ ಇರಬೇಕು. ಮಾತಾಡುತ್ತಾ ಹರಿದ ಪುಸ್ತಕವೊಂದರ ಬೆನ್ನು ಸವರುತ್ತಿದ್ದರು, ಕಾಯಿಲೆ ಬಿದ್ದ ಕುರಿಮರಿಯ ಬೆನ್ನು ಸವರಿದ ಹಾಗೆ. ಬಲಗೈ ತೋರುಬೆರಳಿನ ಉಗುರಿನ ಸುತ್ತ ಅಂಟು ಒಣಗಿ ಬೆಳ್ಳಗಾಗಿರುತ್ತಿತ್ತು. ಊಟಕ್ಕೆ ಮುಂಚೆ ಅದನ್ನು ಕೆರೆದು ತೆಗೆಯುವುದೇ ಒಂದು ಕಾರ್ಯಕ್ರಮ.

ವಡೆ ತಿಂದ ಕೈಯಲ್ಲಿ ಪುಸ್ತಕ ಮುಟ್ಟಿದರೆ ಅವರಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಬೈಯುತ್ತಿರಲಿಲ್ಲ. ಹಳೆಯ ಪೇಪರಿನ ಚೂರೊಂದನ್ನು ಮುಂದೆ ಹಿಡಿದು ಮುಖ ಬೇರೆ ಕಡೆ ತಿರುಗಿಸುತ್ತಿದ್ದರು. ಗಿರಾಕಿ ಕೈ ಒರೆಸಿಕೊಂಡ ಮೇಲೆಯೇ ಮುಖ ಇತ್ತ ಬರುತ್ತಿತ್ತು. ನಿಂತೇ ಪೂರ್ತಿ ಪತ್ರಿಕೆ ಓದಿ, ಕೊಳ್ಳದೆ ಹೋಗುವ ಗಂಡಸರನ್ನು ಕಂಡರೆ ಕೆಮ್ಮುತ್ತಿದ್ದರು. ಅದು ನೆಗಡಿಯ ಕೆಮ್ಮಲ್ಲ, ಇಡೀ ಬಸ್ ನಿಲ್ದಾಣಕ್ಕೆ ಗೊತ್ತಿದ್ದ ಕೆಮ್ಮು. ಆದರೆ ಯೂನಿಫಾರ್ಮಿನ ಹುಡುಗಿಯೊಬ್ಬಳು ಬ್ಯಾಗು ಹೊತ್ತುಕೊಂಡು, ಒಂದು ಕಣ್ಣು ಬಸ್ಸಿನ ಕಡೆಗಿಟ್ಟು ಚಿತ್ರಕಥೆ ಓದುತ್ತಿದ್ದರೆ ಇವರಿಗೆ ಇದ್ದಕ್ಕಿದ್ದಂತೆ ಒಳಗೆ ಏನೋ ಕೆಲಸ ನೆನಪಾಗುತ್ತಿತ್ತು. ಬೆನ್ನು ತಿರುಗಿಸಿ ಜೋಡಿಸಿದ್ದನ್ನೇ ಮತ್ತೆ ಜೋಡಿಸುತ್ತಿದ್ದರು. ಅವಳು ಕಡೆಯ ಪುಟ ಮಗುಚುವವರೆಗೆ ಆ ಕೆಲಸ ಮುಗಿಯುತ್ತಿರಲಿಲ್ಲ.

ಚಿತ್ರಕಥೆಯ ವ್ಯಾಪಾರದಲ್ಲಿ ಆಗ ನಮಗೆಲ್ಲ ವೇದವಾಕ್ಯದಂಥ ಒಂದು ನಂಬಿಕೆಯಿತ್ತು. ಮುಖಪುಟದ ಮೇಲೆ ಹುಡುಗಿಯಿದ್ದರೆ ಹುಡುಗರು ಮುಟ್ಟುವುದಿಲ್ಲ, ಹುಡುಗನಿದ್ದರೆ ಇಬ್ಬರೂ ಮುಟ್ಟುತ್ತಾರೆ. ಹೀಗಾಗಿ ನಾವು ಹಂಚುತ್ತಿದ್ದ ಪ್ರಕಾಶಕರ ದೊಡ್ಡ ಆಸ್ತಿ ‘ಉಕ್ಕಿನ ಉಗ್ರಪ್ಪ’. ಎದೆ ಉಬ್ಬಿಸಿ ನಿಂತ ಗಂಡಾಳು, ತಿಂಗಳಿಗೊಂದು ಲೋಕೋದ್ಧಾರ. ಸಾಹೇಬ್ರಿಗೆ ಅವನನ್ನು ಕಂಡರಾಗದು. ಒಂದೇ ಗುದ್ದಿಗೆ ಕಥೆ ಮುಗಿಸುವವನು ಇಷ್ಟು ಪುಟ ಯಾಕೆ ಹಾಳುಮಾಡುತ್ತಾನೆ, ಮೊದಲನೇ ಪುಟದಲ್ಲೇ ಗುದ್ದಿ ಮನೆಗೆ ಹೋಗಬಾರದೇ ಎನ್ನುವುದು ಅವರ ತಕರಾರು.

ಆ ಪ್ರಕಾಶಕರೇ ಧೈರ್ಯ ಮಾಡಿ ‘ಕಂಡಕ್ಟರ್ ಚಂದ್ರಿ’ ತಂದರು. ಮೊದಲು ನಮ್ಮ ಜಿಲ್ಲೆಯೊಂದರಲ್ಲೇ ಬಿಟ್ಟು ನೋಡುವುದು, ನಡೆದರೆ ಉಳಿದ ಕಡೆ ಕಳಿಸುವುದು ಅವರ ಯೋಚನೆ. ಚಂದ್ರಿ ಒಂದು ಲಟಾರಿ ಬಸ್ಸಿನ ಕಂಡಕ್ಟರು. ಕೊರಳಲ್ಲಿ ಸೀಟಿ, ಹೆಗಲಲ್ಲಿ ಚೀಲ. ಪ್ರತಿ ಸಂಚಿಕೆಯಲ್ಲೂ ಆ ಬಸ್ಸಿನಲ್ಲಿ ಏನಾದರೂ ಕಳುವಾಗುತ್ತದೆ, ಯಾರಾದರೂ ಕಳೆದುಹೋಗುತ್ತಾರೆ. ಇವಳು ಟಿಕೆಟ್ ಕೊಡುತ್ತಲೇ ಅದನ್ನು ಪತ್ತೆ ಹಚ್ಚುತ್ತಾಳೆ. ಮೊದಲ ಕಟ್ಟು ಬಿಚ್ಚಿದಾಗ ಸಾಹೇಬ್ರು ಒಂದು ಪ್ರತಿ ತೆಗೆದುಕೊಂಡು ಕೂತರು. ನಾನು ಹೊಟೇಲಿಗೆ ಹೋಗಿ ಕಾಫಿ ಕುಡಿದು ಬಂದರೂ ತಲೆ ಎತ್ತಿರಲಿಲ್ಲ. ಮುಗಿಸಿದ ಮೇಲೆ ಕನ್ನಡಕ ಹಣೆಗೇರಿಸಿ ಹೇಳಿದರು.

“ಇವಳದು ಕೆಲಸ ಐತಿ ನೋಡ್ರಿ ಏಜೆಂಟ್ರೆ. ಚಿಲ್ಲರೆ ಕೊಡಬೇಕು, ಸ್ಟಾಪ್ ಕೂಗಬೇಕು, ಮುದುಕಿನ್ನ ಹತ್ತಿಸಬೇಕು. ಅದರ ಮಧ್ಯೆ ಕಳ್ಳನ್ನ ಹಿಡೀಬೇಕು. ಉಗ್ರಪ್ಪಂಗೆ ಏನೈತಿ?”

ಅವತ್ತೇ ತಂತಿಯ ಮುಂದಿನ ಸಾಲಿನಿಂದ ಉಗ್ರಪ್ಪನನ್ನು ಕಿತ್ತು ಹಿಂದಿನ ಸಾಲಿಗೆ ಹಾಕಿದರು. ಮುಂದೆ ಚಂದ್ರಿ. ಹುಡುಗರು ಬಂದು ಹಿಂದಿನ ಸಾಲಿಗೆ ಕೈ ಚಾಚುತ್ತಿದ್ದರು. ಆಮೇಲೆ ಒಂದೆರಡು ವರ್ಷದಲ್ಲಿ ಹುಡುಗರ ಕೈಗೆ ಫೋನು ಬಂತು, ಚಾಚುವುದೂ ನಿಂತಿತು. ಉಗ್ರಪ್ಪ ತಂತಿಯಲ್ಲೇ ಬಿಸಿಲಿಗೆ ಬಣ್ಣಗೆಟ್ಟ. ಹುಡುಗಿಯರ ಕೈಗೆ ಯಾವ ಮನೆಯವರೂ ಅಷ್ಟು ಬೇಗ ಫೋನು ಕೊಡಲಿಲ್ಲ. ಅವರು ಪುಸ್ತಕದ ಹತ್ತಿರವೇ ನಿಂತರು. ಇದನ್ನು ಮೊದಲು ಕಂಡವರು ಸಾಹೇಬ್ರು. ಇನ್ನು ಮುಂದೆ ಹೋಗುವುದೆಲ್ಲ ಹೆಣ್ಣುಮಕ್ಕಳ ಪುಸ್ತಕವೇ, ನಿಮ್ಮ ಯಜಮಾನರಿಗೆ ಹೇಳಿ, ಚಂದ್ರಿಯ ಕಟ್ಟು ದೊಡ್ಡದು ಮಾಡಲಿ ಎಂದು ಪ್ರತಿ ತಿಂಗಳೂ ಹೇಳಿ ಕಳಿಸುತ್ತಿದ್ದರು. ಕಟ್ಟು ದೊಡ್ಡದಾಯಿತು. ಶಿರಾಳಕೊಪ್ಪ, ಸೊರಬದ ಸಣ್ಣ ಅಂಗಡಿಗಳಿಗೂ ಅವರ ಮೂಲಕವೇ ಹೋಗತೊಡಗಿತು. ಕೊಳ್ಳುವ ಹುಡುಗಿಯರು ಕೊಂಡರು. ಕೊಳ್ಳಲಾರದವರೇ ಹೆಚ್ಚು.

ಇಲ್ಲಿ ನಮ್ಮ ವ್ಯಾಪಾರದ ಒಂದು ಪದ್ಧತಿ ಹೇಳಬೇಕು. ಮಾರದೆ ಉಳಿದ ಪುಸ್ತಕವನ್ನು ಇಡಿಯಾಗಿ ವಾಪಸ್ ಹೊರುವುದು ಯಾರಿಗೂ ಗಿಟ್ಟುವುದಿಲ್ಲ. ಆದ್ದರಿಂದ ಅಂಗಡಿಯವನು ಮುಖಪುಟ ಮಾತ್ರ ಹರಿದು ಕೊಟ್ಟರೆ ಸಾಕು, ಅಷ್ಟು ಪ್ರತಿ ಮಾರಲಿಲ್ಲ ಎಂದು ಲೆಕ್ಕ. ಉಳಿದ ಮೈ ರದ್ದಿಗೆ ಹೋಗಬೇಕು. ನಾನು ಊರೂರು ತಿರುಗಿ ತರುತ್ತಿದ್ದದ್ದು ಈ ಮುಖಪುಟಗಳನ್ನು. ನನ್ನ ಚೀಲದಲ್ಲಿ ಮುಖಗಳೇ ಇರುತ್ತಿದ್ದವು, ಮೈ ಇರುತ್ತಿರಲಿಲ್ಲ.

ಸಾಹೇಬ್ರು ಆ ಮೈಗಳನ್ನು ರದ್ದಿಗೆ ಹಾಕಲಿಲ್ಲ. ರಟ್ಟು ಕಟ್ಟುವವರ ಮನೆಯ ಮಗನಿಗೆ ಬೆನ್ನು ಗಟ್ಟಿಯಿರುವ ಪುಸ್ತಕವನ್ನು ರದ್ದಿಗೆ ಹಾಕು ಎಂದರೆ ಹೇಗೆ ಹಾಕಿಯಾರು? ಅವರ ನೆಂಟರೊಬ್ಬರ ಪ್ರೆಸ್ಸಿನಲ್ಲಿ ಮುಹೂರ್ತ ತಪ್ಪಿ ಅಚ್ಚಾದ, ಮಾವನ ಹೆಸರು ಬಿಟ್ಟುಹೋದ ಮದುವೆ ಕಾರ್ಡುಗಳು ರಾಶಿ ಬಿದ್ದಿರುತ್ತಿದ್ದವು. ದಪ್ಪ ಕಾಗದ, ಮೇಲೆ ಬಂಗಾರದ ಬಣ್ಣ. ಅದನ್ನೇ ಅಳತೆಗೆ ಕತ್ತರಿಸಿ, ಹೊಲಿಗೆ ಹಾಕಿ, ಅಂಟಿಸಿ ಚಂದ್ರಿಗೆ ಹೊಸ ಮುಖಪುಟ ಮಾಡುತ್ತಿದ್ದರು. ಮೇಲೆ ‘ಶುಭ ವಿವಾಹ’, ಒಳಗೆ ಕಂಡಕ್ಟರ್ ಚಂದ್ರಿ. ಸೊರಬದ ಬಸ್ಸು ಹತ್ತುವ ಹುಡುಗಿಯರ ಕೈಗೆ ಅದನ್ನು ಕೊಡುವುದು. ಇಳಿಯುವ ಊರು ಬರುವವರೆಗೆ ಓದಿ ಪಕ್ಕದವಳಿಗೆ ಕೊಡಬೇಕು. ಸೊರಬದ ನಿಲ್ದಾಣದ ಹತ್ತಿರ ಅವರ ತಂಗಿಯ ಬಳೆ ಅಂಗಡಿ, ಅಲ್ಲಿಗೆ ಮುಟ್ಟಿದ್ದು ಮಾರನೆಯ ದಿನದ ಬಸ್ಸಿಗೆ ವಾಪಸ್. ಮನೆಗೆ ಒಯ್ದರೂ ತೊಂದರೆಯಿಲ್ಲ. ಪಾಠ ಬಿಟ್ಟು ಕಥೆ ಓದುತ್ತೀಯಾ ಎನ್ನುವ ಹಿರಿಯರ ಕಣ್ಣಿಗೆ ಅದು ಯಾರದೋ ಮದುವೆ ಕಾಗದ.

ಒಮ್ಮೆ ಮಾತ್ರ ಸಿಕ್ಕಿಬಿದ್ದರು. ತೊಗರ್ಸಿಯ ರೈತರೊಬ್ಬರು ಮಗಳ ಚೀಲದಲ್ಲಿ ಸಿಕ್ಕ ಪುಸ್ತಕ ಹಿಡಿದುಕೊಂಡು ಕೆಂಡವಾಗಿ ಬಂದರು. ನಾನು ಅಲ್ಲೇ ಇದ್ದೆ. ಪರೀಕ್ಷೆ ಹತ್ತಿರ ಬಂದಿರುವಾಗ ಹುಡುಗಿಯರ ತಲೆ ಕೆಡಿಸುತ್ತೀರಾ ಎಂದು ಅವರು ಶುರುಮಾಡಿದರು. ಸಾಹೇಬ್ರು ಪುಸ್ತಕ ಇಸಕೊಂಡು, ಅದರ ಬೆನ್ನು ಸವರಿ, ಹೊಲಿಗೆ ಬಿಟ್ಟಿಲ್ಲವೆಂದು ನೋಡಿಕೊಂಡು, ಮೇಲಿನ ಕಾರ್ಡನ್ನು ಅವರ ಕಡೆ ತಿರುಗಿಸಿ ಹಿಡಿದರು. ಆ ಮನುಷ್ಯ ಓದಿದರು. ಅದು ಅವರ ಹೆಂಡತಿಯ ತಮ್ಮನ ಮದುವೆ ಕಾರ್ಡು. ಬೀಗರ ಕಡೆಯ ಹಿರಿಯರ ಹೆಸರು ಮೇಲೆ, ಇವರ ಮನೆಯವರ ಹೆಸರು ಕೆಳಗೆ ಬಿದ್ದಿತ್ತು. ಆಮೇಲೆ ಅದನ್ನು ಸರಿಮಾಡಿ ಬೇರೆ ಅಚ್ಚು ಹಾಕಿಸಿದ್ದರಂತೆ. ತೊಗರ್ಸಿಯವರಿಗೆ ಅದು ಗೊತ್ತೇ ಇರಲಿಲ್ಲ. ಮಗಳ ವಿಚಾರ ಅಲ್ಲಿಗೇ ಬಿಟ್ಟುಹೋಯಿತು. ಮೊದಲು ಹೀಗೆ ಮಾಡಿದ್ದರಾ ಅವರು, ಎಂದು ಅಲ್ಲೇ ಬೆಂಚಿನ ಮೇಲೆ ಕೂತು ಬೀಗರನ್ನು ಬೈಯತೊಡಗಿದರು. ಸಾಹೇಬ್ರು ಚಹಾ ತರಿಸಿದರು. ಹೋಗುವಾಗ ಪುಸ್ತಕವನ್ನು ಅವರೇ ಮಗಳಿಗೆ ಒಯ್ದರು, ಕಾರ್ಡು ಹೆಂಡತಿಗೆ ತೋರಿಸಬೇಕು ಎಂಬ ನೆಪದಲ್ಲಿ.

ಇಷ್ಟರವರೆಗೆ ಎಲ್ಲ ಚೆನ್ನಾಗಿತ್ತು. ಉಳಿದದ್ದನ್ನು ಕಟ್ಟಿ ಓದಿಸಿದರೆ ಯಾರಿಗೂ ನಷ್ಟವಿಲ್ಲ. ಆದರೆ ಹುಡುಗಿಯರು ಹೆಚ್ಚಾದರು. ಹೊಸಬಾಳೆಯಿಂದ, ತಾಳಗುಂದದಿಂದ ಕಾಲೇಜಿಗೆ ಬರುವವರೆಲ್ಲ ಕೇಳತೊಡಗಿದರು. ಉಳಿದ ಪ್ರತಿ ಸಾಲಲಿಲ್ಲ. ಸಾಹೇಬ್ರು ತಂತಿಗೆ ಹಾಕುವ ಮುಂಚೆಯೇ ಒಂದಷ್ಟು ಪ್ರತಿಗಳ ಮುಖಪುಟ ಹರಿಯತೊಡಗಿದರು. ಮಾರಬಹುದಾದ ಪುಸ್ತಕವನ್ನು ಮಾರಲಿಲ್ಲವೆಂದು ನನ್ನ ಚೀಲಕ್ಕೆ ಹಾಕುತ್ತಿದ್ದರು. ಒಳಗಿನ ಚಂದ್ರಿ ಬಸ್ಸು ಹತ್ತುತ್ತಿದ್ದಳು. ಮೋಸ ಮಾಡುತ್ತಿದ್ದೇನೆಂದು ಅವರಿಗೆ ಅನ್ನಿಸಿರಲಿಲ್ಲ ಎಂದು ನಾನು ಆಣೆಯಿಟ್ಟು ಹೇಳಬಲ್ಲೆ. ಅವರ ಪ್ರಕಾರ ಮುಖಪುಟವೆಂದರೆ ಕಚೇರಿಯ ರಸೀತಿ, ಪುಸ್ತಕವೆಂದರೆ ಓದುವುದು. ರಸೀತಿ ಶಿವಮೊಗ್ಗಕ್ಕೆ ಹೋಗಲಿ, ಪುಸ್ತಕ ಸೊರಬಕ್ಕೆ ಹೋಗಲಿ. ಓದುವವರು ಬೆಳೆದರೆ ಕೊಳ್ಳುವವರೂ ತಾವಾಗಿ ಬೆಳೆಯುತ್ತಾರೆ. ಇದರಲ್ಲಿ ತಪ್ಪೇನು?

ತಪ್ಪು ಪ್ರಕಾಶಕರ ಮೇಜಿನ ಮೇಲೆ ಬೆಳೆಯುತ್ತಿತ್ತು. ಅವರ ಕಣ್ಣಿಗೆ ಚಂದ್ರಿಯ ಓದುಗರು ಕಾಣುತ್ತಿರಲಿಲ್ಲ, ಹರಿದ ಮುಖಪುಟಗಳ ರಾಶಿ ಕಾಣುತ್ತಿತ್ತು. ಜಿಲ್ಲೆಯ ಬೇರೆ ಕಡೆಯೆಲ್ಲ ಸುಮಾರಾಗಿ ಮಾರಾಟವಿತ್ತು. ಶಿಕಾರಿಪುರ ಸೊರಬದ ಕಡೆಯಿಂದ ಮಾತ್ರ ಪ್ರತಿ ತಿಂಗಳು ಹೆಚ್ಚು ಕಟ್ಟು ಬೇಕೆಂಬ ಬೇಡಿಕೆ, ಅದರ ಬೆನ್ನಿಗೇ ಹೆಚ್ಚು ವಾಪಸಾತಿ. ಅಂಗಡಿಯವರು ಆಸೆಗೆ ಬಿದ್ದು ತರಿಸುತ್ತಾರೆ, ಜನ ಕೊಳ್ಳುವುದಿಲ್ಲ, ಹುಡುಗಿಯ ಪುಸ್ತಕ ನಡೆಯುವುದಿಲ್ಲ ಎಂದು ಹಳೆಯ ವೇದವಾಕ್ಯವನ್ನೇ ಅವರು ಮತ್ತೆ ಓದಿಕೊಂಡರು. ಕಾಗದದ ದರ ಏರಿತ್ತು. ಎರಡರಲ್ಲಿ ಒಂದನ್ನು ಉಳಿಸಿಕೊಳ್ಳಬೇಕಿತ್ತು. ಉಗ್ರಪ್ಪನನ್ನು ಉಳಿಸಿಕೊಂಡರು.

ಚಂದ್ರಿಯ ಕಡೆಯ ಸಂಚಿಕೆ ಆಗಲೇ ಹೊರಬಿದ್ದಿತ್ತು. ಅದು ಕಡೆಯದೆಂದು ಚಿತ್ರ ಬಿಡಿಸಿದವಳಿಗೂ ಗೊತ್ತಿರಲಿಲ್ಲ. ಅದರಲ್ಲಿ ಯಾರೋ ಬಸ್ಸಿನ ಬ್ರೇಕಿನ ಕೊಳವೆ ಕತ್ತರಿಸಿದ್ದಾರೆ. ಯಾರೆಂದು ಗೊತ್ತಿಲ್ಲ. ಬಸ್ಸು ಇಳಿಜಾರಿನಲ್ಲಿ ಓಡುತ್ತಿದೆ. ಚಂದ್ರಿ ಬಾಗಿಲಲ್ಲಿ ನಿಂತು ಸೀಟಿ ಬಾಯಿಗಿಟ್ಟುಕೊಂಡಿದ್ದಾಳೆ. ಕೆಳಗೆ, ಉಳಿದದ್ದು ಮುಂದಿನ ಸಂಚಿಕೆಯಲ್ಲಿ ಎಂದಿತ್ತು.

ಬಿಡಿಸುತ್ತಿದ್ದವಳು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಿಲ್ಲಿಸುತ್ತೇವೆಂದು ಹೇಳಿದಾಗ ಅತ್ತಳಂತೆ. ಆಮೇಲೆ, ನನ್ನ ಪುಸ್ತಕವನ್ನು ಯಾರೂ ಕೊಳ್ಳದ ಆ ಊರನ್ನು ಒಮ್ಮೆ ನೋಡಿ ಬರುತ್ತೇನೆ ಎಂದು ಹಟ ಹಿಡಿದಳು. ಏಜೆನ್ಸಿಯವರು ಅವಳನ್ನು ನನ್ನ ಜೊತೆ ಕಳಿಸಿದರು. ಸಾಹೇಬ್ರಿಗೆ ಅವಳು ಯಾರೆಂದು ನಾನು ಹೇಳಲಿಲ್ಲ, ಅವಳೇ ಬೇಡವೆಂದಿದ್ದಳು. ಅಂಗಡಿಯ ಎದುರು ಸೊರಬದ ಬಸ್ಸು ನಿಂತಿತ್ತು. ಕಿಟಕಿಗಳಲ್ಲಿ ಸಾಲಾಗಿ ಹುಡುಗಿಯರು, ಕೈಯಲ್ಲಿ ಮದುವೆ ಕಾರ್ಡುಗಳು. ಇಲ್ಲಿ ಇಷ್ಟೊಂದು ಮದುವೆಯಾ ಎಂದು ಕೇಳಿದಳು. ಕಿಟಕಿಯ ಹುಡುಗಿಯೊಬ್ಬಳ ಪುಟ ಮಗುಚಿತು, ಒಳಗೆ ಚಂದ್ರಿಯ ಜಡೆ ಕಂಡಿತು. ಇವಳು ಬಸ್ಸಿನ ತಗಡಿಗೆ ಕೈಯಿಟ್ಟು ನಿಂತುಬಿಟ್ಟಳು.

ಸಾಹೇಬ್ರು ಖುಷಿಯಿಂದ ಎಲ್ಲ ವಿವರಿಸಿದರು. ಅಂಟಿನ ಡಬ್ಬಿ ತೋರಿಸಿದರು, ಹರಿಯುವ ರೀತಿ ತೋರಿಸಿದರು. ಒಂದು ಚೂರೂ ಮುಚ್ಚಿಡಲಿಲ್ಲ.

“ಮುಖ ನಿಮ್ಮ ಶಿವಮೊಗ್ಗಕ್ಕೆ ಹೋಗ್ತದ್ರೀ ಅಮ್ಮಾ. ಚಂದ್ರಿ ಇಲ್ಲೇ ಇರ್ತಾಳ. ಈ ದಾರಿಯೊಳಗ ಆಕಿನ್ನ ಓದದ ಹುಡುಗಿ ಇಲ್ಲ.”

ಅವಳು ಅಂಟಿನ ಡಬ್ಬಿಯ ಮುಚ್ಚಳ ಹಾಕಿದಳು. ಆಮೇಲೆ ಮೆಲ್ಲಗೆ, ಅದನ್ನು ಬರೆದು ಬಿಡಿಸುವವಳು ನಾನೇ, ಅದು ನಿಂತುಹೋಯಿತು, ನಿಮ್ಮ ಕಡೆಯಿಂದ ಬಂದ ಮುಖಪುಟಗಳನ್ನು ನೋಡಿಯೇ ನಿಲ್ಲಿಸಿದರು ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಚೆನ್ನಾಗಿತ್ತು. ಸಾಹೇಬ್ರ ಕೈಯಲ್ಲಿ ಅರ್ಧ ಹರಿದ ಪ್ರತಿಯೊಂದಿತ್ತು. ಅದನ್ನು ಕೆಳಗಿಟ್ಟು, ಹರಿದ ಮುಖಪುಟವನ್ನು ಮತ್ತೆ ಅದರ ಮೇಲೆ ಸರಿಯಾಗಿ ಕೂರಿಸಲು ನೋಡಿದರು. ಕೂರಲಿಲ್ಲ. ಬಸ್ಸು ಹೊರಟಿತು, ಹುಡುಗಿಯರು ಅವರಿಗೆ ಕೈ ಬೀಸಿದರು. ಇವರು ಎತ್ತಿದ ಕೈಯಲ್ಲಿ ಅಂಟು ಹಾಗೇ ಇತ್ತು.

ಬಸ್ಸು ಏನಾಯಿತು ಎಂದು ಅವರು ಕೇಳಿದರು. ಯಾವ ಬಸ್ಸು ಎಂದು ನಾನು ತಬ್ಬಿಬ್ಬಾದೆ. ಅವಳಿಗೆ ಅರ್ಥವಾಗಿತ್ತು. ನಾನಿನ್ನೂ ಬಿಡಿಸಿಲ್ಲ ಸಾಹೇಬ್ರೆ, ಬಿಡಿಸುವವರೆಗೆ ನನಗೂ ಗೊತ್ತಿರುವುದಿಲ್ಲ ಎಂದಳು.

ಮುಂದಿನ ವಾರ ಸಾಹೇಬ್ರು ಶಿವಮೊಗ್ಗಕ್ಕೆ ಬಂದರು. ಅಂಗಡಿ ಮುಚ್ಚಿ ಬಂದದ್ದು ನನಗೆ ತಿಳಿದ ಹಾಗೆ ಅದೇ ಮೊದಲು. ಇಸ್ತ್ರಿ ಮಾಡಿದ ಬಿಳಿ ಅಂಗಿ, ತಲೆಗೆ ಟೋಪಿ, ಹಬ್ಬಕ್ಕೆ ಹೊರಟವರ ಹಾಗಿದ್ದರು, ಮುಖವೊಂದನ್ನು ಬಿಟ್ಟು. ಕೈಯಲ್ಲಿ ಮದುವೆ ಕಾರ್ಡಿನ ಚಂದ್ರಿಗಳ ಚೀಲ. ಪ್ರಕಾಶಕರು ನಮ್ಮ ಏಜೆನ್ಸಿಗೆ ಬರುವ ದಿನ ತಿಳಿದುಕೊಂಡೇ ಬಂದಿದ್ದರು. ಹೋಗಿ ತಪ್ಪೊಪ್ಪಿಕೊಂಡರು. ಒಂದೊಂದೇ ಪುಸ್ತಕ ತೆಗೆದು ಮೇಜಿನ ಮೇಲಿಟ್ಟು ತೆರೆದು ತೋರಿಸಿದರು. ಮೂಲೆ ಮಡಚಿದ ಪುಟ, ಅರಿಶಿನದ ಬೆರಳಿನ ಗುರುತು, ಎಲ್ಲೋ ಬಿದ್ದ ಸಾರಿನ ಕಲೆ. ಎಣ್ಣೆಗೈಯನ್ನು ಹತ್ತಿರ ಬಿಡದ ಮನುಷ್ಯ ಆ ಕಲೆಗಳನ್ನು ಬೆರಳಿಟ್ಟು ತೋರಿಸುತ್ತಿದ್ದರು. ಯಾರೂ ಓದದ ಪುಸ್ತಕ ಹೀಗಿರುತ್ತದೆಯೇ ಎಂದು ಕೇಳಿದರು. ಇನ್ನೊಂದು ಸಂಚಿಕೆ ಕಳಿಸಿ, ಒಂದೂ ವಾಪಸ್ ಬರುವುದಿಲ್ಲ, ಚಂದ್ರಿಯ ಬಸ್ಸನ್ನು ನಿಲ್ಲಿಸಿಕೊಡಿ ಎಂದರು.

ಪ್ರಕಾಶಕರು ಕೆಟ್ಟವರಲ್ಲ. ಪುಸ್ತಕಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಅವರಿಗೂ ದುಃಖವಾದದ್ದು ಕಾಣುತ್ತಿತ್ತು.

“ಸಾಹೇಬ್ರೆ, ಇಷ್ಟು ಜನ ಓದಿದಾರೆ ಅನ್ನೋದು ನನಗೆ ಮೊದಲೇ ಗೊತ್ತಾಗಬೇಕಿತ್ತು. ಈಗ ಆ ಹುಡುಗಿ ಬೇರೆ ಕೆಲಸ ಹಿಡಿದಿದಾಳೆ, ನಾನು ಕಾಗದ ಉಗ್ರಪ್ಪನಿಗೆ ಕೊಟ್ಟಿದೀನಿ. ಓದಿದ್ದು ಮಾರಾಟ ಅಲ್ಲವಲ್ಲ.”

ಏಜೆನ್ಸಿಯ ಯಜಮಾನರು ಇನ್ನು ಮುಂದೆ ಸಾಹೇಬ್ರ ಅಂಗಡಿಯಿಂದ ಯಾವ ಮುಖಪುಟವನ್ನೂ ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದರು. ಅದಕ್ಕೆ ಸಾಹೇಬ್ರು ಸರಿ ಎಂದರು. ನಾನು ಬಸ್ ನಿಲ್ದಾಣದವರೆಗೆ ಜೊತೆಗೆ ಹೋದೆ. ದಾರಿಯಲ್ಲಿ ಏನಾದರೂ ಹೇಳಬೇಕೆಂದು, ಹೋಗಲಿ ಬಿಡಿ ಸಾಹೇಬ್ರೆ, ಪುಸ್ತಕವೊಂದು ತಾನೇ ಎಂದುಬಿಟ್ಟೆ. ಅವರು ನನ್ನನ್ನು ನೋಡಿದ ರೀತಿಗೆ ಬೈಗುಳವೇ ವಾಸಿಯಿತ್ತು.

ಆಮೇಲಿನ ಸಾಹೇಬ್ರು ಬೇರೆ. ಅಂಗಡಿ ನಡೆಯಿತು, ತಂತಿಯ ಮುಂದಿನ ಸಾಲಿಗೆ ಯಾವುದನ್ನೂ ಹಾಕಲಿಲ್ಲ. ಸಿಕ್ಕ ಸಿಕ್ಕ ಪುಸ್ತಕವನ್ನು ಹಿಂದೆ ತೂಗುಹಾಕುವುದು, ಮುಂದೆ ಖಾಲಿ ಕ್ಲಿಪ್ಪುಗಳು. ಹುಡುಗಿಯರು ಬಂದು ಚಂದ್ರಿ ಬಂತಾ ಎಂದು ಕೇಳುತ್ತಿದ್ದರು. ಮೊದಮೊದಲು ಇನ್ನೂ ಬಂದಿಲ್ಲ ಅನ್ನುತ್ತಿದ್ದರು. ಎಷ್ಟು ತಿಂಗಳು ಹಾಗೆ ಹೇಳಲಾದೀತು? ನಿಂತುಹೋಯಿತು ಎಂದು ಹೇಳಲು ಅವರಿಂದ ಆಗಲಿಲ್ಲ. ನಾನು ಹೇಳಲೇ ಎಂದರೆ, ಬೇಡ, ಯಾಕೆ ಅಂತ ಕೇಳುತ್ತಾರೆ ಎಂದರು. ಅವರಿಗೆ ಹೆದರಿಕೆಯಿದ್ದದ್ದು ಆ ಪ್ರಶ್ನೆಗೆ. ಒಂದು ದಿನ ನಾನು ಹೋದಾಗ ಹುಡುಗಿಯೊಬ್ಬಳಿಗೆ ಬಗ್ಗಿ ಏನೋ ಹೇಳುತ್ತಿದ್ದರು, ಅವಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ನನ್ನನ್ನು ಕಂಡು ಮಾತು ನಿಲ್ಲಿಸಿದರು. ಏನೆಂದು ನಾನು ಕೇಳಲಿಲ್ಲ.

ಈಗ ಶಿವಮೊಗ್ಗದ ಪುಸ್ತಕದಂಗಡಿಗಳಿಗೆ ಹೋಗಿ ನೋಡಿ. ಮಕ್ಕಳ ಚಿತ್ರಕಥೆಗಳ ಮುಂದಿನ ಸಾಲಿನಲ್ಲಿ ಹುಡುಗಿಯರೇ. ಬಾಹ್ಯಾಕಾಶಕ್ಕೆ ಹೋಗುವವಳು, ಮರ ಹತ್ತುವವಳು, ಪತ್ತೇದಾರಿ ಮಾಡುವವಳು. ಅವೇ ಮೊದಲು ಖಾಲಿಯಾಗುತ್ತವೆ ಎಂದು ಅಂಗಡಿಯವರು ಹೇಳುತ್ತಾರೆ, ಹೊಸದೇನೋ ಕಂಡುಹಿಡಿದವರ ಹಾಗೆ. ಉಗ್ರಪ್ಪ ಯಾವಾಗಲೋ ಸತ್ತ. ಅವನ ಪ್ರಕಾಶಕರೂ ಅಂಗಡಿ ಮುಚ್ಚಿದರು. ಸಾಹೇಬ್ರು ಹೇಳಿದ್ದೇ ನಡೆಯಿತು. ಅದನ್ನು ಅವರಿಗೆ ಹೋಗಿ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಹೇಳಿದರೆ ಸಮಾಧಾನವಾಗುತ್ತದೋ ಹುಣ್ಣು ಕೆರೆದಂತಾಗುತ್ತದೋ ತಿಳಿಯದೆ ಸುಮ್ಮನಾದೆ. ಇನ್ನೊಂದು ವರ್ಷ ಚಂದ್ರಿ ಹೇಗಾದರೂ ಉಸಿರಾಡಿಕೊಂಡಿದ್ದರೆ ಇವತ್ತು ಅವಳೂ ಆ ಸಾಲಿನಲ್ಲಿ ಇರುತ್ತಿದ್ದಳು. ಈ ಯೋಚನೆ ನನಗೇ ನಿದ್ದೆ ಕೆಡಿಸುತ್ತದೆ, ಅವರಿಗೆ ಹೇಗಿದ್ದಿರಬೇಕು.

ಸುದ್ದಿ ತಿಳಿದು ನಾನು ಅವರ ಮನೆಗೆ ಹೋದದ್ದು ಒಂದು ಶುಕ್ರವಾರ ಮಧ್ಯಾಹ್ನದ ಮೇಲೆ. ಮಗಳು ಚಹಾ ಕೊಟ್ಟಳು. ಒಬ್ಬಳೇ ಮಗಳು, ಊರಲ್ಲೇ ಔಷಧಿ ಅಂಗಡಿಯಲ್ಲಿ ಕೆಲಸ. ಅಪ್ಪನ ಹಾಗೇ ಉದ್ದ ಬೆರಳು. ಅಂಟಿನ ಡಬ್ಬಿ, ದಬ್ಬಣ ಕಿಟಕಿಯ ಮೇಲೆ ಹಾಗೇ ಇದ್ದವು. ನಾನು ಕೂತಿದ್ದಾಗಲೇ ಹೆಂಗಸರಿಬ್ಬರು ಬಂದರು. ಒಬ್ಬಾಕೆ ಹೊಸಬಾಳೆಯವಳು, ಕಂಕುಳಲ್ಲಿ ಮಗು. ಇನ್ನೊಬ್ಬಾಕೆ ತಾಳಗುಂದದವಳು, ಪಂಚಾಯಿತಿ ಕಚೇರಿಯಲ್ಲಿ ಕೆಲಸದಲ್ಲಿರುವವಳು. ಇಬ್ಬರಿಗೂ ಒಬ್ಬರಿಗೊಬ್ಬರ ಪರಿಚಯವಿರಲಿಲ್ಲ. ಆ ಬಸ್ಸಿನಲ್ಲಿ ಓದಿದವರು ಎಂಬುದಷ್ಟೇ ನಂಟು. ಮೊದಲು ಊರಿನ, ಬಸ್ಸಿನ ಮಾತಾಯಿತು. ಆಮೇಲೆ ಮಾತು ಚಂದ್ರಿಯ ಕಡೆ ಹೊರಳಿತು.

ತಾಳಗುಂದದವಳು, ಕಡೆಗೆ ಆ ಬಸ್ಸು ಮೆಕ್ಕೆಜೋಳದ ರಾಶಿಗೆ ನುಗ್ಗಿ ನಿಂತಿತಲ್ಲ, ಅದು ನನಗೆ ಬಹಳ ಇಷ್ಟವಾಗಿತ್ತು ಎಂದಳು. ಹೊಸಬಾಳೆಯವಳು ಅವಳ ಮುಖ ನೋಡಿದಳು. ರಾಶಿ ಎಲ್ಲಿ ಬಂತು, ಚಂದ್ರಿ ಸೀಟಿ ಊದಿದ ಕೂಡಲೇ ಬಸ್ಸಿನೊಳಗಿದ್ದ ಹೆಂಗಸರೆಲ್ಲ ತಮ್ಮ ಗಂಟುಮೂಟೆಗಳನ್ನು ಚಕ್ರದ ಕೆಳಗೆ ಎಸೆದದ್ದರಿಂದ ಅಲ್ಲವೇ ನಿಂತದ್ದು ಎಂದಳು. ತಾಳಗುಂದದವಳು ಒಪ್ಪಲಿಲ್ಲ. ಸಾಹೇಬ್ರೇ ಹೇಳಿದ್ದು ಎಂದಳು. ನನಗೂ ಅವರೇ ಹೇಳಿದ್ದು ಎಂದಳು ಇವಳು. ಪುಸ್ತಕ ಮುಗಿದುಹೋಗಿತ್ತು, ಇದ್ದ ಒಂದು ಪ್ರತಿಯನ್ನು ತಾನು ಓದಿ ಕಥೆ ಹೇಳುತ್ತಿದ್ದೇನೆ ಎಂದು ಇಬ್ಬರಿಗೂ ಹೇಳಿದ್ದರಂತೆ. ನನಗೆ ಅವತ್ತು ಹುಡುಗಿಯ ಮುಂದೆ ಬಗ್ಗಿ ಏನೋ ಹೇಳುತ್ತಿದ್ದ ಸಾಹೇಬ್ರು ನೆನಪಾದರು. ಎಷ್ಟು ಹುಡುಗಿಯರಿಗೆ ಆ ಬಸ್ಸನ್ನು ಎಷ್ಟು ರೀತಿ ನಿಲ್ಲಿಸಿಕೊಟ್ಟಿದ್ದರೋ.

ಇಬ್ಬರೂ ನನ್ನ ಕಡೆ ನೋಡಿದರು. ನೀವು ಪುಸ್ತಕ ತರುತ್ತಿದ್ದವರಲ್ಲವೇ, ಯಾವುದು ಸರಿ ಎಂದರು. ಎರಡೂ ಸರಿ, ಎರಡು ಸಂಚಿಕೆ ಬಂದಿದ್ದವು ಎಂದೆ. ಆ ಸುಳ್ಳಿಗೆ ನನಗೆ ನಾಚಿಕೆಯಿಲ್ಲ.

ಅವರು ಸೊರಬದ ಬಸ್ಸಿಗೆ ಹೊರಟ ಮೇಲೆ ಮಗಳು ಲೋಟ ತೆಗೆದುಕೊಳ್ಳಲು ಬಂದಳು. ನಿನಗೆ ಯಾವುದು ಹೇಳಿದ್ದರಮ್ಮಾ ಎಂದು ಕೇಳಿದೆ. ಅವಳು ಕಿಟಕಿಯ ಮೇಲಿನ ಅಂಟಿನ ಡಬ್ಬಿಯನ್ನು ನೋಡುತ್ತಾ ನಿಂತಳು.

“ನನಗೆ ಬಸ್ಸಿನ ಕಥೆ ಹೇಳಲಿಲ್ರೀ. ಬ್ರೇಕ್ ಕತ್ತರಿಸಿದ್ದು ಯಾರು ಅಂತ ಅಷ್ಟೇ ಹೇಳಿದ್ರು.”

“ಯಾರಂತೆ?”

“‘ನಾನೇ’ ಅಂದ್ರು.”